ಷಡ್ಡಕನ ಮೊಣಕೈ ಮತ್ತು ನಮ್ಮ ಕಾರಿನ ಎಡಬಾಗಿಲು

ಕಳೆದ ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ, ಕುಂಬ್ರದ ನಮ್ಮ ಮನೆಯ ಅಂಗಳದಲ್ಲಿ, ಕಾರಿನ ಎಡಬದಿಗೆ, ತೆರೆದ ಮುಂಬಾಗಿಲಿನ ಹತ್ತಿರ ನಾನು ನಿಂತಿದ್ದೆ. ನಿಂತಿದ್ದೆ ಎಂದರೆ ಪೂರ್ತಿ ಸರಿಯಾಗುವುದಿಲ್ಲ, ಕುಕ್ಕರಗಾಲಿನಲ್ಲಿ ಕೂತಿದ್ದೆ. ಕೈಯಲ್ಲಿ ಸ್ಪ್ಯಾನರ್ ಇತ್ತು. ನಡೆದದ್ದನ್ನು ನಡೆದ ಹಾಗೆಯೇ ಹೇಳಬೇಕೆಂದಿದ್ದೇನೆ, ಏಕೆಂದರೆ ಈಗ ನಮ್ಮ ನೆಂಟರಲ್ಲಿ ಹರಡಿರುವ ಕಥೆ ಬೇರೆಯೇ ಇದೆ.

ಆ ಬಾಗಿಲು ನನ್ನ ಹೆಂಡತಿ ಸುಶೀಲೆ ಕೂರುವ ಬದಿಯದು. ಕೆಲವು ತಿಂಗಳಿಂದ ಅದು ಜೋತುಬಿದ್ದಿತ್ತು. ಮುಚ್ಚಬೇಕಾದರೆ ಎರಡೂ ಕೈಯಲ್ಲಿ ಎತ್ತಿ, ಉಸಿರು ಹಿಡಿದು ಬಡಿಯಬೇಕು. ಜರಿಸೀರೆ ಉಟ್ಟವರಿಗೆ ಅದು ಕಷ್ಟ ಎಂಬುದನ್ನು ನಾನು ಒಪ್ಪುತ್ತೇನೆ. ಒಪ್ಪಲಾಗದ್ದು ಅವಳು ಪ್ರತಿಸಲ ಬಡಿದ ಮೇಲೆ ಹೇಳುತ್ತಿದ್ದ ಮಾತು: “ಭಾವನ ಕಾರಿನ ಬಾಗಿಲು ಹಾಕಿದ್ದೇ ಗೊತ್ತಾಗುದಿಲ್ಲ ಮಾರಾಯ್ರೆ. ನಮ್ಮದು ಹಾಕಿದ್ರೆ ಪೇಟೆಗೆ ಕೇಳ್ತದೆ.”

ಭಾವ ಎಂದರೆ ಅವಳ ಅಕ್ಕನ ಗಂಡ, ಬೆಟ್ಟಂಪಾಡಿಯ ವಿಶ್ವಣ್ಣ, ನನಗೆ ಷಡ್ಡಕ. ನನಗಿಂತ ದೊಡ್ಡವರು, ಆದರೂ ಬಣ್ಣ ಹಚ್ಚದೆ ಕಪ್ಪಾಗಿರುವ ಕೂದಲು. ಯಾರ ಮನೆಗೆ ಹೋದರೂ ನಾಯಿ ಅವರನ್ನು ನೋಡಿ ಬೊಗಳುವುದಿಲ್ಲ. ಇಷ್ಟನ್ನೆಲ್ಲ ಸಹಿಸಿದ್ದೆ. ಆದರೆ ಕಾರಿನ ಬಾಗಿಲು ಮೆತ್ತಗೆ ಮುಚ್ಚುವುದೂ ಅವರ ಸ್ವಭಾವದ ಗುಣವೇ ಎಂಬಂತೆ ಮಾತಾಡಿದರೆ ಹೇಗೆ? ಒಮ್ಮೆ ಮದುವೆಮನೆಯ ಹಿತ್ತಿಲಲ್ಲಿ, ಅವರು ಕಾರಿಗೆ ಕೀಲಿ ಹಾಕದೆ ಊಟಕ್ಕೆ ಹೋಗಿದ್ದಾಗ, ಅದರ ಬಾಗಿಲನ್ನು ನಾನೇ ತೆರೆದು ಮುಚ್ಚಿ ನೋಡಿದೆ. ಮೆತ್ತಗೆ ‘ದಪ್’ ಎಂದಿತು, ಅಷ್ಟೆ. ಊಟ ರುಚಿಸಲಿಲ್ಲ.

ಆ ಭಾನುವಾರ ಸುಳ್ಯದಲ್ಲಿ ಗೃಹಪ್ರವೇಶವಿತ್ತು. “ನಾನು ಅಕ್ಕ ಭಾವನ ಒಟ್ಟಿಗೆ ಹೋಗ್ತೇನೆ, ನೀವು ಹಿಂದಿನಿಂದ ಬನ್ನಿ” ಎಂದು ಸುಶೀಲೆ ಮೊದಲೇ ಹೇಳಿಬಿಟ್ಟಿದ್ದಳು. ಆ ‘ಹಿಂದಿನಿಂದ’ ಎಂಬುದು ನನಗೆ ನಟ್ಟಿತು. ಅವಳು ನನ್ನ ಪಕ್ಕದಲ್ಲೇ ಕೂತು ಸುಳ್ಯಕ್ಕೆ ಬರಬೇಕು, ಅದಕ್ಕೆ ಬಾಗಿಲು ‘ದಪ್’ ಎನ್ನಬೇಕು. ಮೊಬೈಲಿನಲ್ಲಿ ವೀಡಿಯೋ ನೋಡಿ ಕೆಲಸ ಕಲಿತೆ. ಬಾಗಿಲ ಅಡಿಗೆ ಜಾಕ್, ಅದರ ಮೇಲೊಂದು ಹಲಗೆ ತುಂಡು, ಅದರ ಮೇಲೆ ಮೈ ಒರೆಸುವ ಹಳೆಯ ಬೈರಾಸು. ಬಾಗಿಲನ್ನು ಕಾರಿಗೆ ಹಿಡಿದಿಡುವ ಹಿಂಜು ಎಷ್ಟು ಮೇಲೆ ಬರಬೇಕೆಂದು ಪೆನ್ಸಿಲಿನಲ್ಲಿ ಗೆರೆ ಹಾಕಿದೆ. ಆಮೇಲೆ ಬೋಲ್ಟುಗಳನ್ನು ಸ್ವಲ್ಪ ಸಡಿಲಿಸಬೇಕು. ಸ್ವಲ್ಪ ಎಂದರೆ ಎಷ್ಟೆಂದು ವೀಡಿಯೋದವನು ಹೇಳಿರಲಿಲ್ಲ. ಆಗಿನ ನನ್ನ ಮನಃಸ್ಥಿತಿಯಲ್ಲಿ ಹೆಚ್ಚೇ ಸಡಿಲವಾಯಿತು. ಆದರೂ ಜಾಕ್ ತಿರುಗಿಸಿ ಹಿಂಜನ್ನು ಗೆರೆಗೆ ತಂದು ನಿಲ್ಲಿಸಿದವನು ನಾನು. ಇದನ್ನು ದಯವಿಟ್ಟು ಗಮನಿಸಬೇಕು. ನೆರೆಮನೆಯ ಖದೀಜಮ್ಮ ಕಂಪೌಂಡಿನ ಆಚೆಯಿಂದ, “ಎಂತ ಮಾಸ್ಟ್ರೇ, ಕಾರು ಬಿಚ್ಚಿ ಮಾರ್ಲಿಕ್ಕುಂಟಾ?” ಎಂದು ಕೇಳಿದ್ದು ಆಗಲೇ.

ಬಿಗಿಯುವುದೊಂದೇ ಬಾಕಿ ಇರುವಾಗ ವಿಶ್ವಣ್ಣನ ಕಾರು ಅಂಗಳಕ್ಕೆ ಬಂತು. ದಪ್, ದಪ್, ಅವರೂ ಅವರ ಹೆಂಡತಿ ಸರಸಕ್ಕನೂ ಇಳಿದರು.

ನಮ್ಮ ಕಡೆಯ ಒಂದು ಕ್ರಮವನ್ನು ಇಲ್ಲಿ ಹೇಳಬೇಕು. ನೆಂಟರು ಒಳಗೆ ಕೂತಷ್ಟು ಹೊತ್ತು ಮಾತಾಡುವುದು ಸೆಖೆಯ ವಿಷಯ. ಜಾಗದ ತಕರಾರು, ಮುರಿದುಹೋದ ಸಂಬಂಧ, ಅಂಥ ನಿಜವಾದ ಮಾತೆಲ್ಲ ಹೊರಬರುವುದು ಹೊರಟು ನಿಂತು, ಕಾರಿನ ಬಾಗಿಲು ತೆರೆದು, ಅದರ ಮೇಲೆ ಮೊಣಕೈ ಊರಿದ ಮೇಲೆಯೇ. ತೆರೆದ ಬಾಗಿಲು ಕಂಡರೆ ಮೊಣಕೈ ತಾನಾಗಿ ಏರುತ್ತದೆ. ನಮ್ಮ ಬಾಗಿಲು ಜೋತದ್ದು ಮುಖ್ಯವಾಗಿ ಯಾರ ಮೊಣಕೈಯಿಂದ ಎಂಬ ಬಗ್ಗೆ ನನಗೊಂದು ಅಭಿಪ್ರಾಯವಿದೆ. ಕಣ್ಣಾರೆ ಕಂಡದ್ದಲ್ಲವಾದ್ದರಿಂದ ಬರೆಯುವುದಿಲ್ಲ.

ಮುಂದಿನದು ಕಣ್ಣಾರೆ ಕಂಡದ್ದು. ವಿಶ್ವಣ್ಣ ನೇರ ಬಂದು, ಬಾಗಿಲ ಮೇಲೆ ಮೊಣಕೈ ಊರಿ, “ಎಂತ ಮಾರಾಯ, ಇನ್ನೂ ಹೊರಡ್ಲಿಲ್ವಾ?” ಎಂದರು. ಜಾಕ್ ವಾಲಿತು. ಹಲಗೆ ಜಾರಿತು. ಬಾಗಿಲು ಕಟಕ್ಕೆಂದು ಕುಸಿಯಿತು. ನಾನು ಸ್ಪ್ಯಾನರ್ ಹಿಡಿದು ನೋಡುತ್ತ ಕೂತೆ. ವಿಶ್ವಣ್ಣ ಮಾತ್ರ ಎರಡೂ ತೋಳಿನಲ್ಲಿ ಅದನ್ನು ಮಗುವಿನಂತೆ ಅಪ್ಪಿ ಹಿಡಿದು, “ಬಿಗಿ ಮಾರಾಯ, ಬಿಗಿ! ಎಂತ ನೋಡುದು?” ಎಂದು ಕೂಗಿದರು. “ಇನ್ನು ಸ್ವಲ್ಪ ಮೇಲೆ... ಸಾಕು” ಎಂದು ಗೆರೆ ನೋಡಿ ಹೇಳಿದವನು ನಾನು. ಬೋಲ್ಟು ಬಿಗಿದವನೂ ನಾನೇ.

ಸುಶೀಲೆ ಜಗಲಿಗೆ ಬಂದದ್ದು ಸರಿಯಾಗಿ ಆಗ. ಅವಳಿಗೆ ಕಂಡದ್ದು ಇಷ್ಟು: ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಬಾಗಿಲನ್ನು ಎತ್ತಿ ಹಿಡಿದ ಭಾವ, ಅವರ ಕಾಲ ಬುಡದಲ್ಲಿ ಕೂತ ಗಂಡ. ಅವಳು ಬಂದು ಬಾಗಿಲು ಹಾಕಿ ನೋಡಿದಳು. ದಪ್. ತೆರೆದು ಮತ್ತೊಮ್ಮೆ ಹಾಕಿದಳು. ದಪ್.

“ಅಯ್ಯೋ ಭಾವ, ನೀವು ಬಂದ ಕೂಡ್ಲೆ ಸರಿಯಾಯ್ತಲ್ಲ! ಇವ್ರು ಬೆಳಿಗ್ಗೆಯಿಂದ ಅದರ ಬುಡದಲ್ಲೇ ಇದ್ದಾರೆ. ಇವತ್ತು ನಮ್ಮ ಕಾರಲ್ಲೇ ಹೋಗುವ.”

ನಮ್ಮ ಕಾರು ಎಂಬ ಮಾತು ಕೇಳಿ, ಮೊದಲರ್ಧವನ್ನು ನಾನು ಕ್ಷಮಿಸಿದೆ. ಕೈ ತೊಳೆದು, ಅಂಗಿ ಬದಲಿಸಿ ಬರುವಷ್ಟರಲ್ಲಿ ಅವಳು ಅಕ್ಕನೊಟ್ಟಿಗೆ ಹಿಂದಿನ ಸೀಟಿನಲ್ಲಿ ಕೂತಾಗಿತ್ತು. “ಭಾವ ಮುಂದೆ ಕೂತ್ಕೊಳ್ಳಿ, ನಿಮಗೆ ಕಾಲು ಉದ್ದ ಉಂಟಲ್ಲ.” ವಿಶ್ವಣ್ಣ ಕೂತು, ಬಾಗಿಲನ್ನು ಒಂದೇ ಬೆರಳಿನಲ್ಲಿ ಎಳೆದುಕೊಂಡರು.

ಇದನ್ನು ಕಂಡವರು ನನ್ನನ್ನು ಬಿಟ್ಟರೆ ವಿಶ್ವಣ್ಣ, ಸರಸಕ್ಕ, ಸುಶೀಲೆ ಮತ್ತು ಖದೀಜಮ್ಮ. ಎಲ್ಲರೂ ಬದುಕಿದ್ದಾರೆ, ಆರೋಗ್ಯವಾಗಿದ್ದಾರೆ. ಬಾಗಿಲು ಸರಿ ಮಾಡಿದ್ದು ಯಾರೆಂದು ಯಾರನ್ನು ಬೇಕಾದರೂ ಕೇಳಬಹುದು. ಹೆಂಗಸರು ಮೂವರೂ ವಿಶ್ವಣ್ಣ ಎನ್ನುತ್ತಾರೆ. ವಿಶ್ವಣ್ಣನೊಬ್ಬರು ಮಾತ್ರ, “ಛೆ, ಅದು ಅವನೇ ಮಾಡಿದ್ದು, ನಾನು ಸುಮ್ಮನೆ ಹಿಡ್ಕೊಂಡದ್ದು” ಎಂದು ನನ್ನ ಹೆಸರು ಹೇಳುತ್ತಾರೆ. ಅದನ್ನು ಕೇಳಿದಾಗಲೆಲ್ಲ ಸುಶೀಲೆ ನನ್ನ ಕಡೆ ತಿರುಗಿ, “ನೋಡಿ, ಭಾವನದ್ದು ಎಷ್ಟು ದೊಡ್ಡ ಮನಸ್ಸು” ಎನ್ನುತ್ತಾಳೆ.