ಹಚ್ಚಿದ ಮೇಲೆ ನೀರು ಸೋಕಿಸಬೇಡಿ

ಗುಂಡ್ಲುಪೇಟೆಯಲ್ಲಿ ನನ್ನದೊಂದು ಔಷಧಿ ಅಂಗಡಿ. ನೋವಿನ ಜೆಲ್ ಮಾರುವುದು ಸುಲಭ, ಹಚ್ಚುವ ಬಗೆ ಹೇಳುವುದೇ ಕಷ್ಟ. ಎಷ್ಟು ಬಿಡಿಸಿ ಹೇಳಿದರೂ ತಿಂಗಳಿಗೊಂದು ಎಡವಟ್ಟು ತಪ್ಪಿದ್ದಿಲ್ಲ. ನಾನು ಸುಲಭಕ್ಕೆ ನಗುವವನಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಎಕ್ಕದ ಎಲೆ

ಅರಿಶಿನ ಕಿತ್ತು ಭುಜ ಹಿಡಿದುಕೊಂಡಿದೆ ಎಂದು ಬೇಗೂರು ಕಡೆಯ ಹೆಂಗಸೊಬ್ಬಳು ಬಂದಳು. ಟ್ಯೂಬು ಕೊಟ್ಟು, "ಇದರ ಮೇಲೆ ಬಿಸಿ ಶಾಖ ಕೊಡಬೇಡಿ, ಬಿಗಿಯಾಗಿ ಬಟ್ಟೆ ಸುತ್ತಬೇಡಿ, ಚರ್ಮ ಸುಟ್ಟೀತು" ಎಂದೆ.

ಮೂರನೆಯ ದಿನ ಭುಜದ ತುಂಬ ಬೊಬ್ಬೆ ಹೊತ್ತು ಬಂದಳು. ಎಕ್ಕದ ಎಲೆಯನ್ನು ಹೆಂಚಿನ ಮೇಲೆ ಬಾಡಿಸಿ ನೋವಿಗೆ ಕಟ್ಟುವುದು ನಮ್ಮ ಕಡೆ ವಾಡಿಕೆ. ಜೆಲ್ ಹಚ್ಚಿ, ಮೇಲೆ ಅದನ್ನೂ ಕಟ್ಟಿದ್ದಳು. ನೋಡಿ ಸಂಕಟವಾಯಿತು. ಡಾಕ್ಟರ ಹತ್ತಿರ ಕಳಿಸುತ್ತಾ, "ಬಿಸಿ ಬೇಡ ಅಂದಿದ್ದೆನಲ್ಲಮ್ಮ" ಎಂದೆ.

"ನಾ ಎಲ್ಲಿ ಬಿಸಿ ಕೊಟ್ಟೆ ಸಾರ್? ಕಟ್ಟಿದ್ದು ಎಲೆ."

ದಿನದ ಮಾತ್ರೆ

ಬಂಡೀಪುರದಲ್ಲಿ ಕಾವಲು ಕೆಲಸದವನೊಬ್ಬ ಮಂಡಿನೋವಿಗೆ ಜೆಲ್ ಕೇಳಿದ. "ಬೇರೆ ಮಾತ್ರೆ ಏನಾದರೂ ತಗೋತೀರಾ?" ಎಂದೆ. ಇಲ್ಲವೆಂದ. ದುಡ್ಡಿಗೆ ಜೇಬಿಗೆ ಕೈ ಹಾಕಿದಾಗ ರಕ್ತ ತೆಳುವಾಗಿಸುವ ಮಾತ್ರೆಯ ಸ್ಟ್ರಿಪ್ಪೂ ನೋವಿನ ಮಾತ್ರೆಯ ಸ್ಟ್ರಿಪ್ಪೂ ಒಟ್ಟಿಗೆ ಈಚೆ ಬಂದವು. ಇವುಗಳ ಜೊತೆಗೆ ಜೆಲ್ಲೂ ಸೇರಿದರೆ ಅಪಾಯವಾಗಬಹುದು, ಮೊದಲು ಡಾಕ್ಟರನ್ನು ಕೇಳಿ ಬಾ ಎಂದು ಟ್ಯೂಬು ವಾಪಸು ಇಟ್ಟೆ. "ಇವು ಮಾತ್ರೆ ಅಲ್ಲವೇನಪ್ಪ?"

"ಇವು ದಿನಾ ತಗಳವು ಸಾರ್. ಊಟ ಇದ್ದಂಗೆ. ನೀವು ಮಾತ್ರೆ ಕೇಳುದ್ರಿ."

ಪೂಜೆಯ ಹೊತ್ತು

ಇದರಲ್ಲಿ ತಪ್ಪು ನನ್ನದೂ ಇತ್ತು. ಅಂಗಡಿಯ ಹಿಂದಿನ ಬೀದಿಯ ಹಿರಿಯರೊಬ್ಬರು ಮಹಾ ಹಟಮಾರಿ. ಹೋದ ವರ್ಷ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಮಂಡಿಗೆ ಜೆಲ್ ಕೊಟ್ಟು, "ಹಚ್ಚಿದ ಮೇಲೆ ಒಂದು ಗಂಟೆ ನೀರು ಸೋಕಿಸಬೇಡಿ" ಎಂದೆ. ಕೈ ಮಾತ್ರ ಸೋಪು ಹಾಕಿ ತೊಳೆಯಿರಿ ಎನ್ನುವುದನ್ನು ಅಂದು ಗಿರಾಕಿಗಳ ಗಲಾಟೆಯಲ್ಲಿ ಮರೆತೆ.

ಮಾರನೆಯ ಬೆಳಿಗ್ಗೆ ಅವರ ಹೆಂಡತಿಯ ಫೋನು. "ನಮ್ಮೆಜಮಾನ್ರು ಸ್ನಾನ ಮಾಡಿ, ಮಂಡಿಗೆ ನಿಮ್ಮ ಮುಲಾಮು ಉಜ್ಜಿ ಪೂಜೆಗೆ ಕೂತ್ರು. ಈಬೂತಿ ಇಟ್ಟು, ಲಿಂಗ ಕಣ್ಗೆ ಒತ್ಕಂಡ್ರು. ಆಗ್ಲಿಂದ ಕಣ್ಣೀರು ನಿಲ್ತಿಲ್ಲ. ಭಕ್ತಿ ಅಂದ್ಕಂಡು ಸೊಸೆ ಕಾಲ್ಗೂ ಬಿದ್ಲು. ಈಗ ನೋಡುದ್ರೆ ಕಣ್ಣು ಕೆಂಡ."

ಆಪರೇಷನ್ ಆದ ಕಣ್ಣು. ಅಂಗಡಿ ಹಾಗೇ ಬಿಟ್ಟು ಓಡಿದೆ.

ಹಿರಿಯರು ಜಗಲಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಹೆಂಡತಿ ನೀರಿನ ಚೆಂಬು ತಂದರೆ ತಳ್ಳುತ್ತಿದ್ದರು. "ತರಬ್ಯಾಡ ಕಣಮ್ಮಿ. ಗಂಟೆ ಆಗಕ್ಕೆ ಇನ್ನೂ ಇಪ್ಪತ್ತು ನಿಮಿಷ ಅದ. ಮೆಡಿಕಲ್‌ನೋರು ಹೇಳವ್ರೆ."

"ಮೆಡಿಕಲ್‌ನವನೇ ಬಂದಿದ್ದೇನೆ ಸ್ವಾಮಿ" ಎಂದು ಅವರ ಕೈಗೆ ಸೋಪು ಹಾಕಿಸಿ, ಕಣ್ಣಿಗೆ ಚೆಂಬಿನ ಮೇಲೆ ಚೆಂಬು ಚೊಕ್ಕ ನೀರು ಬಿಟ್ಟೆ. ಆಮೇಲೆ ಗಂಡ ಹೆಂಡತಿ ಇಬ್ಬರನ್ನೂ ಆಟೋದಲ್ಲಿ ಕಣ್ಣಿನ ಡಾಕ್ಟರ ಬಳಿಗೆ ಕರೆದೊಯ್ದೆ. ದೃಷ್ಟಿಗೆ ಏನೂ ಆಗಿಲ್ಲ ಎಂದು ಡಾಕ್ಟರು ಹೇಳುವವರೆಗೆ ಪಕ್ಕದಲ್ಲೇ ನಿಂತಿದ್ದೆ.

ಹೊರಗೆ ಬಂದು ಅವರ ಹೆಂಡತಿಗೆ ಕೈ ಮುಗಿದೆ. "ತಪ್ಪು ನನ್ನದಮ್ಮ, ಕೈ ತೊಳೆಯಲು ಹೇಳಲಿಲ್ಲ."

ಆಕೆ ನಿಟ್ಟುಸಿರು ಬಿಟ್ಟರು. "ಬುಡಿ ಸಾರ್. ಮದ್ವೆಯಾಗಿ ನಲವತ್ತು ವರ್ಸ ಆಯ್ತು. ಇವ್ರು ಒಬ್ರ ಮಾತು ಕೇಳಿದ್ದು ಇದೇ ಮೊದ್ಲು."