ಪೆಸಿಫಿಕ್ ಅಲೆಗೆ ದುಬೈಯಲ್ಲಿ ತಾಲೀಮು

ಸಮುದ್ರದ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂದು ನಾನು ಬಹುಕಾಲ ನಂಬಿದ್ದೆ. ಕಾಪುವಿನ ನಮ್ಮ ಮನೆಯ ಚಾವಡಿಯಲ್ಲಿ ಕುಳಿತರೆ ಅಲೆಗಳ ಸದ್ದು ಕೇಳುತ್ತಿತ್ತು. ಕೇಳಿದ್ದಷ್ಟೇ. ನೀರಿಗೆ ಇಳಿದದ್ದು ಮೊಣಕಾಲಿನವರೆಗೆ ಮಾತ್ರ, ಅದೂ ಅಮ್ಮ ಹಿಂದಿನಿಂದ ಅಂಗಿ ಹಿಡಿದುಕೊಂಡಿರುವಾಗ. ಆದರೆ ದುಬೈಯ ಜುಮೇರಾ ಲೇಕ್ ಟವರ್ಸ್‌ನಲ್ಲಿದ್ದ ಒಂದು ಪ್ರವಾಸ ಕಂಪೆನಿಯ ಸಂದರ್ಶನದಲ್ಲಿ "ನಿಮಗೂ ಸಮುದ್ರಕ್ಕೂ ಏನು ಸಂಬಂಧ?" ಎಂದು ಕೇಳಿದಾಗ, "ಹುಟ್ಟಿದ್ದೇ ಅದರ ದಡದಲ್ಲಿ" ಎಂದು ಗಂಭೀರವಾಗಿ ಉತ್ತರಿಸಿದೆ. ಕೆಲಸ ಸಿಕ್ಕಿತು!

ಆ ಕಂಪೆನಿ ಮಾರುತ್ತಿದ್ದದ್ದು ಒಂದು ವಿಶೇಷ ಬಗೆಯ ಪ್ರವಾಸ. ಭೂಮಿಯ ಆಚೆ ಬದಿಯಲ್ಲಿ, ಪನಾಮಾ ದೇಶದ ಪೆಸಿಫಿಕ್ ಕರಾವಳಿಯಲ್ಲಿ, ಜನ ಬೋಟಿನಲ್ಲೇ ಉಂಡು ಬೋಟಿನಲ್ಲೇ ಮಲಗುತ್ತಾ ಕಾಡಿನಂಚಿನ ತೀರಗಳನ್ನು ಸುತ್ತುತ್ತಾರೆ. ರಸ್ತೆಯೇ ಇಲ್ಲದ ಜಾಗಗಳವು. ಒಳ್ಳೆಯ ಅಲೆ ಕಂಡಲ್ಲಿ ಬೋಟು ನಿಲ್ಲಿಸಿ, ಹಲಗೆ ಹಿಡಿದು ನೀರಿಗೆ ಹಾರಿ, ಅಲೆಯ ಮೇಲೆ ನಿಂತು ಸವಾರಿ ಮಾಡುತ್ತಾರೆ; ಇದಕ್ಕೆ ಸರ್ಫಿಂಗ್ ಎಂದು ಹೆಸರು. ಸಂಜೆ ಮತ್ತೆ ಬೋಟು ಹತ್ತಿ ಮೀನು ತಿನ್ನುತ್ತಾರೆ. ಇದನ್ನೆಲ್ಲ ಏಸಿಯ ಕೆಳಗೆ ಕುಳಿತು ಫೋನಿನಲ್ಲಿ ವರ್ಣಿಸುವುದು ನನ್ನ ಉದ್ಯೋಗ.

ವರ್ಣನೆಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಜ್ಞಾನದಲ್ಲಿ ಮಾತ್ರ ಸ್ವಲ್ಪ ಕೊರತೆಯಿತ್ತು. ಒಮ್ಮೆ ಗಿರಾಕಿಯೊಬ್ಬರು ಇಂಗ್ಲಿಷಿನಲ್ಲಿ "ನಾನು ಗೂಫಿ" ಎಂದರು. ಗೂಫಿ ಎಂದರೆ ಪೆದ್ದ ಎಂದು ನನಗೆ ಗೊತ್ತಿತ್ತು. "ಹಾಗೆಲ್ಲ ನಿಮ್ಮನ್ನು ನೀವೇ ಹೀಗಳೆದುಕೊಳ್ಳಬೇಡಿ ಸರ್, ಅಭ್ಯಾಸವಾದರೆ ಎಲ್ಲ ಸರಿಹೋಗುತ್ತದೆ" ಎಂದು ಸಮಾಧಾನ ಹೇಳಿದೆ. ಹಲಗೆಯ ಮೇಲೆ ಬಲಗಾಲು ಮುಂದಿಟ್ಟು ನಿಲ್ಲುವವರಿಗೆ ಆ ಹೆಸರೆಂದು ತಿಳಿದದ್ದು ಆತ ಫೋನ್ ಇಟ್ಟ ಮೇಲೆ!

ಹೀಗಿರುವಾಗ ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಿಂದ ಡಾಕ್ಟರ್ ಶಾಲಿನಿ ಎಂಬವರು ಫೋನ್ ಮಾಡಿದರು. ಮೈಸೂರಿನವರು, ದಂತವೈದ್ಯೆ. ಗಂಡ ಪ್ರಕಾಶ್ ಮತ್ತು ಇನ್ನೊಂದು ಸ್ನೇಹಿತ ದಂಪತಿಯೊಂದಿಗೆ ಪನಾಮಾಕ್ಕೆ ಹೊರಡುವ ಯೋಚನೆ ಅವರದು. ಯಾರಿಗೂ ಸರ್ಫಿಂಗ್ ಗೊತ್ತಿರಲಿಲ್ಲ.

"ಸರ್, ದುಡ್ಡು ಕಟ್ಟೋ ಮುಂಚೆ ಒಂದಿನ ಇಲ್ಲೇ ಬೋಟಲ್ಲಿ ಟ್ರಯಲ್ ಮಾಡ್ಬಹುದಾ? ಹಲಗೆ ಹಿಡ್ಕೊಂಡು ಇಳಿಯೋದು, ಹತ್ತೋದು, ಅಷ್ಟೇ ಸಾಕು" ಎಂದರು.

ನಮ್ಮ ಮ್ಯಾನೇಜರ್ ಕ್ರೇಗ್ ದಕ್ಷಿಣ ಆಫ್ರಿಕಾದವನು. ಸಂತೋಷದಿಂದ ಒಪ್ಪಿ ಬೋಟು ಗೊತ್ತುಮಾಡಿದ. ಆದರೆ ಹೇಳಿಕೊಡಬೇಕಾಗಿದ್ದ ತರಬೇತುದಾರ ಅದೇ ವಾರ ಸೊಂಟ ಹಿಡಿದು ಮಲಗಿದ. ಕ್ರೇಗ್ ನನ್ನ ಮೇಜಿನ ಬಳಿ ಬಂದು ನಿಂತ.

"ದಿವಾಕರ್, ನೀನು ಸಮುದ್ರದ ದಡದಲ್ಲಿ ಹುಟ್ಟಿದವನಲ್ಲವೇ?"

ನನ್ನ ವೀಸಾ ನವೀಕರಣದ ಕಾಗದ ಅವನ ಸಹಿಗೆ ಕಾದಿತ್ತು. ಈಗ ಹುಟ್ಟಿದ ಸ್ಥಳವನ್ನು ಬದಲಾಯಿಸುವಂತಿರಲಿಲ್ಲ. "ಹೌದು" ಎಂದೆ. ಆತ ತನ್ನದೇ ವೆಟ್‌ಸೂಟನ್ನು, ಅಂದರೆ ಚಳಿಗಾಲದ ನೀರಿಗೆ ಹಾಕುವ ರಬ್ಬರಿನಂಥ ಉಡುಪನ್ನು, ನನಗೆ ಒಪ್ಪಿಸಿ ಬೆನ್ನು ತಟ್ಟಿದ.

ಮನೆಯಲ್ಲಿ ತಾಲೀಮು ಆರಂಭವಾಯಿತು. ಹಲಗೆಯ ಮೇಲೆ ಬೋರಲು ಮಲಗಿ, ಕೈಯೂರಿ, ಒಂದೇ ನೆಗೆತಕ್ಕೆ ಎದ್ದು ನಿಲ್ಲಬೇಕು ಎಂದು ಯೂಟ್ಯೂಬ್ ಹೇಳಿತು. ಹಲಗೆ ಇರಲಿಲ್ಲ, ಮಂಚ ಇತ್ತು. ನಾನು ಮಲಗಿದೆ, ನೆಗೆದೆ, ಮುಗ್ಗರಿಸಿದೆ. ಮತ್ತೆ ಮಲಗಿದೆ. ಹೆಂಡತಿ ವಾರಿಜ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಎಂತ ಮಾರಾಯ್ರೆ ಇದು? ಮಲಗಿದವರು ಏಳ್ಲಿಕ್ಕೆ ಇಷ್ಟು ಕಷ್ಟ ಉಂಟಾ?"

"ಇದು ಸಾಮಾನ್ಯ ಏಳುವಿಕೆಯಲ್ಲ. ವೈಜ್ಞಾನಿಕ ಏಳುವಿಕೆ."

"ದಿನಾ ಬೆಳಿಗ್ಗೆ ಅವೈಜ್ಞಾನಿಕವಾಗಿ ಏಳ್ಲಿಕ್ಕೇ ನಾಲ್ಕು ಸಲ ಕರೀಬೇಕು ನಿಮ್ಮನ್ನು!"

ಛಲದಿಂದ ಮತ್ತೊಮ್ಮೆ ನೆಗೆದೆ. ಈ ಸಲ ನಾನು ನಿಂತೆ. ಮಂಚ ಬಿತ್ತು. ಮಗಳು ಅನುಷಾ ಓಡಿಬಂದು "ಪಪ್ಪಾ, ಆರ್ ಯೂ ಓಕೆ?" ಎಂದಳು. ವಾರಿಜ ಮಂಚಕ್ಕೆ ಏನಾಯಿತೆಂದು ವಿಚಾರಿಸಿದಳು.

ವೆಟ್‌ಸೂಟಿನದು ಬೇರೆಯೇ ಸಮಸ್ಯೆ. ಕ್ರೇಗ್ ಸಪೂರ ಮನುಷ್ಯ. ನಾನು ಮರ್ಯಾದಸ್ಥ ಹೊಟ್ಟೆಯುಳ್ಳವನು. ದುಬೈಯದೇ ಸತ್ವಾ ಪೇಟೆಯಲ್ಲಿ ಟೈಲರ್ ಅಂಗಡಿ ಇಟ್ಟಿರುವ ನನ್ನ ಗೆಳೆಯ ಹಮೀದನ ಬಳಿಗೆ ಒಯ್ದೆ. ಅವನು ಉಚ್ಚಿಲದ ಬ್ಯಾರಿ. ಎಂಥ ಬಟ್ಟೆ ಕೊಟ್ಟರೂ ಇಲ್ಲ ಎನ್ನದವನು. ಅದನ್ನು ಎಳೆದು, ಬಿಟ್ಟು, ಮೂಸಿ ನೋಡಿದ.

"ಇದು ಬಟ್ಟೆಯಾ ಟಯರಾ ಮಾರಾಯ? ಇದಕ್ಕೆ ನಾನಲ್ಲ, ಪಂಚರ್‌ನವ ಬೇಕು."

"ಹೊಟ್ಟೆ ಹತ್ರ ಸ್ವಲ್ಪ ಲೂಸ್ ಮಾಡು, ಸಾಕು."

"ಸ್ವಲ್ಪವಾ?" ಎಂದು ನನ್ನ ಹೊಟ್ಟೆಯನ್ನೊಮ್ಮೆ ನೋಡಿದ. ಎರಡು ಸೂಜಿ ಮುರಿದುಕೊಂಡು, ಎಳೆದರೆ ಹಿಗ್ಗುವ ಬಟ್ಟೆಯ ದೊಡ್ಡ ತೇಪೆ ಕೂರಿಸಿಕೊಟ್ಟ. ಅಂಗಡಿಯಲ್ಲಿ ಆ ಬಗೆಯ ಬಟ್ಟೆ ಇದ್ದದ್ದು ಒಂದೇ ಬಣ್ಣದ್ದು. ಗಿಳಿಹಸಿರು!

ಟ್ರಯಲಿನ ದಿನ ಬೆಳಿಗ್ಗೆ ಆರು ಜನ ಬೋಟಿನಲ್ಲಿದ್ದೆವು: ಆ ನಾಲ್ವರು, ನಾನು, ಮತ್ತು ರತ್ನಗಿರಿಯ ಕ್ಯಾಪ್ಟನ್. ದಡದಿಂದ ಸಾಕಷ್ಟು ದೂರದಲ್ಲಿ ಲಂಗರು ಬಿತ್ತು. ಹಿಂದೆ ದುಬೈಯ ಗೋಪುರಗಳು, ಮುಂದೆ ನೀರು. ನಾನು ಕ್ಯಾಬಿನ್ನಿಗೆ ಹೋಗಿ ವೆಟ್‌ಸೂಟ್ ಏರಿಸಿ, ಎದೆಯ ಮೇಲೆ ಜಿಪ್ ಎಳೆದುಕೊಂಡು ಹೊರಬಂದೆ. ನಾಲ್ವರೂ ಆಗಲೇ ತಮ್ಮವನ್ನು ತೊಟ್ಟು ನಿಂತಿದ್ದರು. ಅವರ ಜಿಪ್ಪುಗಳು ಬೆನ್ನಿನ ಮೇಲಿದ್ದವು.

ನಾನು ಅವರನ್ನು ನೋಡಿದೆ. ಅವರು ನನ್ನನ್ನು ನೋಡಿದರು. ಹಸಿರು ತೇಪೆ ನನ್ನ ಸೊಂಟದ ಹಿಂದೆ ಬಂದಿತ್ತು. ತಪ್ಪು ಯಾರದೆಂದು ನನಗೆ ಆಗಲೇ ಹೊಳೆಯಿತು.

"ಅಯ್ಯೋ ಸಾರಿ ಸರ್, ನಾವು ಉಲ್ಟಾ ಹಾಕ್ಕೊಂಡ್ಬಿಟ್ಟಿದ್ದೀವಿ!" ಎಂದು ಶಾಲಿನಿ ನಾಲಿಗೆ ಕಚ್ಚಿಕೊಂಡರು. ನಾನು ಬಾಯಿ ತೆರೆಯುವಷ್ಟರಲ್ಲಿ ನಾಲ್ವರೂ ಒಬ್ಬರಾದ ಮೇಲೊಬ್ಬರು ಕ್ಯಾಬಿನ್ನಿಗೆ ಹೋಗಿ ತಿರುಗಿಸಿ ತೊಟ್ಟುಕೊಂಡು ಬಂದರು. ಈಗ ಐವರ ಕುತ್ತಿಗೆಯೂ ಬಿಗಿದು ಕಣ್ಣುಗಳು ಹೊರಬರುವಂತಿದ್ದವು. "ಆರಂಭದಲ್ಲಿ ಹಾಗೇ" ಎಂದೆ.

ನಂತರ ಮೇಣ. ಹಲಗೆಗೆ ಉಜ್ಜಲೆಂದು ಕ್ರೇಗ್ ಮೇಣದ ಬಿಲ್ಲೆಗಳನ್ನು ಕೊಟ್ಟಿದ್ದ. ಎಲ್ಲಿಗೆ ಉಜ್ಜಬೇಕೆಂದು ಹೇಳಿರಲಿಲ್ಲ. ಕೇರಂ ಬೋರ್ಡಿಗೆ ಪೌಡರ್ ಹಾಕಿದರೆ ಕಾಯಿ ಜಾರುತ್ತದೆ. ಅದೇ ತರ್ಕದಲ್ಲಿ, ನೀರಿನ ಮೇಲೆ ಜಾರಬೇಕಾದದ್ದು ಹಲಗೆಯ ಅಡಿಭಾಗ ಎಂದು ನಿರ್ಣಯಿಸಿ, ಐದೂ ಹಲಗೆಗಳನ್ನು ಕವುಚಿಸಿ ಅವುಗಳ ಹೊಟ್ಟೆಗೆ ಚೆನ್ನಾಗಿ ಉಜ್ಜಿಸಿದೆ. ಮೇಣ ಇರುವುದು ಹತ್ತಿದವರ ಕಾಲು ಜಾರದಿರಲೆಂದು, ಅದನ್ನು ಹಲಗೆಯ ಮೇಲ್ಭಾಗಕ್ಕೆ ಹಚ್ಚಬೇಕು ಎಂಬ ಸಂಗತಿ ಆಗ ಬೋಟಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಸರ್, ಈ ಬಳ್ಳಿ ಯಾಕೆ?" ಎಂದರು ಪ್ರಕಾಶ್. ಪ್ರತಿ ಹಲಗೆಯ ಬಾಲಕ್ಕೂ ಒಂದು ಬಳ್ಳಿ, ಅದರ ತುದಿಯಲ್ಲೊಂದು ಪಟ್ಟಿ ಇತ್ತು. ಕಾಲಿಗೆ ಸುತ್ತಿಕೊಳ್ಳುವ ಪಟ್ಟಿ ಅದು. ನನಗೆ ನೆನಪಾದದ್ದು ನಮ್ಮೂರಲ್ಲಿ ದೋಣಿಗಳನ್ನು ಕಟ್ಟಿಹಾಕುವ ರೀತಿ. "ಹಲಗೆ ತೇಲಿಹೋಗದ ಹಾಗೆ ಬೋಟಿಗೆ ಕಟ್ಟುವುದು" ಎಂದು ಹೇಳಿ, ಬೋಟಿನ ಹಗ್ಗಗಳನ್ನು ಜೋಡಿಸಿ ಐದನ್ನೂ ಹಿಂಬದಿಯ ಕಂಬಿಗೆ ಬಿಗಿದೆ. ಕ್ಯಾಪ್ಟನ್ ಏನೋ ಹೇಳಲು ಬಂದ. "ಮಾಲೂಮ್ ಹೈ" ಎಂದೆ. ಅವನು ಸುಮ್ಮನೆ ಎಲ್ಲರಿಗೂ ಲೈಫ್ ಜಾಕೆಟ್ ತೊಡಿಸಿದ. ಅಂದು ನಡೆದ ಏಕೈಕ ಸರಿಯಾದ ಕೆಲಸ ಅದು, ಅದನ್ನು ಮಾಡಿದ್ದು ಅವನು.

ನೀರಿಗಿಳಿದೆವು. ಹಲಗೆ ಹತ್ತಿದವರು ಹತ್ತಿದ ವೇಗದಲ್ಲೇ ಆಚೆ ಬದಿಗೆ ಬಿದ್ದರು. ಹತ್ತುವುದು, ಜಾರುವುದು, ಉಪ್ಪುನೀರು ಉಗುಳುವುದು. ಹೀಗೇ ಬಹಳ ಹೊತ್ತು ಸಾಗಿತು. ಸುಸ್ತಾಗಿ ನಾಲ್ವರೂ ಬೋಟಿಗೆ ಹಿಂತಿರುಗಿದರು. ಗುರುವಾದ ನಾನು ಒಮ್ಮೆಯಾದರೂ ಹಲಗೆಯ ಮೇಲೆ ಉಳಿದು ತೋರಿಸದೆ ಬರುವುದು ಹೇಗೆ? ಹೊಟ್ಟೆಯೂರಿ, ಎರಡೂ ಕೈಗಳಿಂದ ಹಲಗೆಯನ್ನು ತಬ್ಬಿಕೊಂಡೆ. ಉಳಿದೆ!

ಅಷ್ಟರಲ್ಲಿ ಗಾಳಿ ಎದ್ದಿತು. ಲಂಗರು ಜಾರತೊಡಗಿತು. ಕ್ಯಾಪ್ಟನ್ ತಲೆಗಳನ್ನು ಎಣಿಸುವ ಬದಲು ಹಲಗೆಗಳ ಕಡೆಗೊಮ್ಮೆ ಕಣ್ಣು ಹಾಯಿಸಿದ. ಹಲಗೆಯಂತೆಯೇ ಬಿದ್ದುಕೊಂಡಿದ್ದ ನಾನು ಅವನಿಗೆ ಕಾಣಲಿಲ್ಲ. "ಯಲ್ಲಾ, ಚಲೋ!" ಎಂದು ಲಂಗರು ಎತ್ತಿ ಎಂಜಿನ್ ಚಾಲೂ ಮಾಡಿದ.

ಮೊದಲು ಹಗ್ಗ ಬಿಗಿಯಿತು. ಆಮೇಲೆ ನಾನು ಹೊರಟೆ. ನಾಲ್ಕು ಖಾಲಿ ಹಲಗೆಗಳು ಬಾತುಕೋಳಿ ಮರಿಗಳಂತೆ ಅಕ್ಕಪಕ್ಕದಲ್ಲಿ ಕುಣಿಯುತ್ತಿದ್ದವು. ಬಳ್ಳಿ ಇರುವುದು ಬಾಲದಲ್ಲಾದ್ದರಿಂದ ನನ್ನ ಪ್ರಯಾಣ ಕಾಲು ಮುಂದಾಗಿ ನಡೆದಿತ್ತು. ಬದುಕಿರುವವರು ಯಾರೂ ಹಾಗೆ ಪ್ರಯಾಣ ಮಾಡುವುದಿಲ್ಲ. "ನಿಲ್ಲಿಸಿ!" ಎಂದು ಕೂಗಲು ಬಾಯಿ ತೆರೆದಾಗಲೆಲ್ಲ ಕೊಲ್ಲಿಯ ಸಮುದ್ರ ಒಳಗೆ ಬರುತ್ತಿತ್ತು.

ಬೋಟಿನಿಂದ ಚಪ್ಪಾಳೆ ಕೇಳಿಸಿತು. "ಸೂಪರ್ ಸರ್! ಹಿಂದ್ಮುಂದಾಗಿ ಹೋಗೋದು ಅಡ್ವಾನ್ಸ್ಡ್ ಲೆವೆಲ್ಲಾ?" ಎಂದು ಶಾಲಿನಿ ಕೂಗಿ ಕೇಳಿದರು. ಪ್ರಕಾಶ್ ವಿಡಿಯೋ ತೆಗೆಯುತ್ತಿದ್ದರು. ಆಗ ಹಮೀದನ ತೇಪೆ ಒಂದು ಬದಿಯಿಂದ ಬಿಚ್ಚಿಕೊಂಡು ಬಾವುಟದಂತೆ ಪಟಪಟನೆ ಹಾರತೊಡಗಿತು. ಗಿಳಿಹಸಿರು ಕಂಡ ಮೇಲೆಯೇ ಕ್ಯಾಪ್ಟನ್ನನಿಗೆ ಹಿಂದೆ ಮನುಷ್ಯನೊಬ್ಬ ಇದ್ದಾನೆಂದು ಗೊತ್ತಾದದ್ದು. ನನ್ನನ್ನು ಮೇಲೆಳೆದು ಹಾಕಿದ. ಸೊಂಟಕ್ಕೆ ಟವೆಲ್ ಸುತ್ತಿದರು. ಅದರ ಅಗತ್ಯ ಬಹಳವಿತ್ತು.

ಆ ವಿಡಿಯೋ ನನಗಿಂತ ಮೊದಲೇ ಆಫೀಸು ತಲುಪಿತ್ತು. ಮರುದಿನ ಕ್ರೇಗ್ ಕರೆದ. ವೀಸಾ ಖಲಾಸ್ ಎಂದುಕೊಂಡೇ ಒಳಗೆ ಹೋದೆ. ಅವನು ನೋಡುತ್ತಿದ್ದ, ನಿಲ್ಲಿಸುತ್ತಿದ್ದ, ಕಣ್ಣೊರೆಸಿಕೊಳ್ಳುತ್ತಿದ್ದ. ನಗುವಿನ ಮಧ್ಯೆ ಜಿಪ್ಪು, ಮೇಣ, ಬಳ್ಳಿ ಒಂದೊಂದನ್ನೂ ವಿವರಿಸಿದ. ಕಾಗದಕ್ಕೆ ಸಹಿಯನ್ನೂ ಹಾಕಿದ. "ನೀನು ಫೋನಿನಲ್ಲೇ ಇರು ದಿವಾಕರ್. ನೀರಿನ ಹತ್ತಿರ ಹೋಗಬೇಡ" ಎಂದ. ಸರಿಯಾದ ವಿವರಣೆಯನ್ನು ಶಾಲಿನಿಯವರಿಗೂ ಅವನೇ ಕಳಿಸಿದ. ಆಶ್ಚರ್ಯವೆಂದರೆ ಅವರು ಬುಕಿಂಗ್ ರದ್ದು ಮಾಡಲಿಲ್ಲ!

ಕೆಲವು ವಾರಗಳ ನಂತರ ನಾವು ಮೂವರೂ ಊಟಕ್ಕೆ ಕುಳಿತಿದ್ದಾಗ ಪನಾಮಾದ ಬೋಟಿನಿಂದ ಶಾಲಿನಿಯವರ ಫೋಟೋ ಬಂತು. ಹಿಂದೆ ಕಾಡು, ಮುಂದೆ ಬಿಳಿ ಅಲೆ, ಅದರ ಮೇಲೆ ಡಾಕ್ಟರು ನೆಟ್ಟಗೆ ನಿಂತಿದ್ದಾರೆ! ಹಿಂದೆಯೇ ಫೋನ್ ಬಂತು. ಹೆಂಡತಿ ಮಗಳಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ಸರ್, ನಿಮಗೆ ಥ್ಯಾಂಕ್ಸ್ ಹೇಳ್ಲೇಬೇಕು. ಅವತ್ತು ನಿಮ್ಮ ಕ್ಲಾಸ್ ಇಲ್ದೇ ಇದ್ದಿದ್ರೆ ನಮ್ ಕೈಲಿ ಆಗ್ತಾನೇ ಇರ್ಲಿಲ್ಲ."

ನಾನು ವಾರಿಜಳ ಕಡೆಗೆ ಅರ್ಥಪೂರ್ಣವಾಗಿ ನೋಡಿದೆ.

"ಇಲ್ಲಿ ಏನೇ ಡೌಟ್ ಬಂದ್ರೂ ನೀವು ಅವತ್ತು ಹೇಗೆ ಮಾಡಿದ್ರಿ ಅಂತ ಎಲ್ಲರೂ ಕೂತು ನೆನಪು ಮಾಡ್ಕೊಳ್ತೀವಿ ಸರ್. ಆಮೇಲೆ ಅದಕ್ಕೆ ಉಲ್ಟಾ ಮಾಡ್ತೀವಿ. ಪ್ರತಿ ಸಲ ಕರೆಕ್ಟಾಗಿ ಬರುತ್ತೆ!"

ಅನುಷಾ ನೀರು ಕುಡಿಯುತ್ತಿದ್ದವಳು ಕೆಮ್ಮತೊಡಗಿದಳು. ವಾರಿಜ ಫೋಟೋವನ್ನು ಹಿಗ್ಗಿಸಿ ನೋಡಿ, ನನ್ನ ತಟ್ಟೆಗೆ ಇನ್ನೊಂದು ತುಂಡು ಮೀನು ಬಡಿಸಿದಳು.

"ಇರ್ಲಿ ಬಿಡಿ. ಪಾಪ, ನೀವು ಒಂದು ಕೆಲಸವನ್ನಾದ್ರೂ ಅಪ್ಪಿತಪ್ಪಿ ಸರಿಯಾಗಿ ಮಾಡಿದ್ರೆ ಅವರು ಅಲ್ಲಿ ಮುಳುಗ್ತಿದ್ರು."

ನನ್ನ ಬದುಕಿನಲ್ಲಿ ಇಷ್ಟು ಜನರ ಜೀವ ಉಳಿಸಿದ್ದು ಅದೇ ಮೊದಲು.