ಅರ್ಧ ಲ್ಯಾಪ್‌ಟಾಪಿನ ದೊಡ್ಡಪ್ಪ

ನನ್ನ ದೊಡ್ಡಪ್ಪನಷ್ಟು ನಿಯತ್ತಿನ ಮನುಷ್ಯ ಪಾಂಡವಪುರ ತಾಲ್ಲೂಕಿನಲ್ಲೇ ಇನ್ನೊಬ್ಬನಿಲ್ಲ. ಆ ನಿಯತ್ತಿನಿಂದ ಮನೆಯವರು ಪಟ್ಟ ಪಾಡು ಮಾತ್ರ ಶತ್ರುವಿಗೂ ಬೇಡ!

ಅಪ್ಪನಿಗೂ ದೊಡ್ಡಪ್ಪನಿಗೂ ಸೇರಿ ತೊಣ್ಣೂರಿನ ಹತ್ತಿರ ಒಂದು ಆಲೆಮನೆಯಿತ್ತು. ಒಂದು ಸಲ ಕೊಪ್ಪರಿಗೆಯ ಬೆಲ್ಲದ ಪಾಕ ಸೀದುಹೋಯಿತು. ಸೀಯಿಸಿದ್ದು ಯಾರು ಎಂಬ ಜಗಳ ಅಣ್ಣತಮ್ಮಂದಿರು ಪಾಲಾಗುವವರೆಗೂ ಬೆಳೆಯಿತು. ಗದ್ದೆ, ಹಸು ಹಂಚಿಯಾಯಿತು, ಮನೆಯ ಅಂಗಳದಲ್ಲಿ ನಡುಗೋಡೆ ಎದ್ದಿತು. ಉಳಿದದ್ದು ಆಲೆಮನೆಯ ವ್ಯವಹಾರಕ್ಕೆಂದು ತಂದಿದ್ದ ಲ್ಯಾಪ್‌ಟಾಪು. ಊರ ಹಿರಿಯರು, "ಯಾರಾದ್ರೂ ಒಬ್ರು ಇಟ್ಕಳ್ರಪ್ಪ" ಎಂದರೆ ದೊಡ್ಡಪ್ಪ ಒಪ್ಪಬೇಕಲ್ಲ?

"ತಮ್ಮನ ಪಾಲು ನಂಗ್ಯಾಕೆ? ನನ್ ಪಾಲು ಅವನಿಗ್ಯಾಕೆ? ಅದ್ನೂ ಎರಡು ಮಾಡಿ!"

ಮಾಡಿಸಿದೆವು! ಶ್ರೀರಂಗಪಟ್ಟಣದ ರಿಪೇರಿ ಅಂಗಡಿಯವನು ಒಂದೇ ಲ್ಯಾಪ್‌ಟಾಪಿನೊಳಗೆ ವಿಂಡೋಸನ್ನೂ ಲಿನಕ್ಸನ್ನೂ ಕೂರಿಸಿಕೊಟ್ಟ. ಬಟನ್ ಒತ್ತಿದರೆ ಇಬ್ಬರ ಹೆಸರೂ ಬರುತ್ತದೆ, ಯಾರ ಹೆಸರು ಆರಿಸಿದರೆ ಅವರ ಪಾಲು ತೆರೆಯುತ್ತದೆ. ಹಿರಿಯ ಹಂಚಬೇಕು, ಕಿರಿಯ ಆರಿಸಬೇಕು ಎನ್ನುವುದು ನಮ್ಮ ಕಡೆಯ ರೂಢಿ. ಅಪ್ಪ ಗೊತ್ತಿದ್ದ ವಿಂಡೋಸನ್ನೇ ಆರಿಸಿಕೊಂಡು ಹಾಯಾಗಿದ್ದರು. ದೊಡ್ಡಪ್ಪ ಲಿನಕ್ಸಿನ ಮುಂದೆ ತಲೆ ಕೆರೆದುಕೊಂಡು ಕೂತರೇ ಹೊರತು ಪಕ್ಕದ ಪಾಲಿನತ್ತ ಕಣ್ಣು ಹಾಕಲಿಲ್ಲ.

ದಿನ ಬಿಟ್ಟು ದಿನ ಲ್ಯಾಪ್‌ಟಾಪು ನಡುಗೋಡೆ ದಾಟುತ್ತಿತ್ತು. ಮಾತು ನಿಂತಿತ್ತಲ್ಲ, ಗೋಡೆಯ ಮೇಲಿಟ್ಟು ಜೋರಾಗಿ ಕೆಮ್ಮುವುದು! ಒಮ್ಮೆ ಅಪ್ಪ ಒಳಗೆ ಸುಮ್ಮನೆ ಕೆಮ್ಮಿದ್ದಕ್ಕೆ ದೊಡ್ಡಪ್ಪ ಓಡಿಬಂದು ಬರಿಗೋಡೆ ತಡವಿ, "ಸುಳ್ ಕೆಮ್ಮು ಕೆಮ್ತಾನೆ, ನೋಡು" ಎಂದು ಗೊಣಗುತ್ತಾ ಹೋದರು.

ಆ ಕೆಮ್ಮು ಸುಳ್ಳಾಗಿರಲಿಲ್ಲ. ಅದು ನಿಲ್ಲಲೇ ಇಲ್ಲ. ಹೋದ ವರ್ಷ ಅಪ್ಪ ತೀರಿಕೊಂಡರು.

ದೊಡ್ಡಪ್ಪ ಬಾಗಿಲವರೆಗೆ ಬಂದರು, ಹೊಸಿಲು ದಾಟಲಿಲ್ಲ. ತಮ್ಮ ಕರೆಯದೆ ತಮ್ಮನ ಮನೆಯೊಳಗೆ ಹೇಗೆ ಕಾಲಿಡುವುದು? ಕರೆಯಬೇಕಾದವರು ನಡುಮನೆಯಲ್ಲಿ ಮಲಗಿದ್ದರು. ಅಂದು ನಾನು ಅಪ್ಪನಿಗಾಗಿ ಅತ್ತಷ್ಟೇ ಬಾಗಿಲಲ್ಲಿ ನಿಂತ ಈ ಮನುಷ್ಯನಿಗಾಗಿಯೂ ಅತ್ತೆ.

ಆಮೇಲೂ ಸರದಿ ತಪ್ಪಲಿಲ್ಲ. ದೊಡ್ಡಪ್ಪ ಲ್ಯಾಪ್‌ಟಾಪನ್ನು ಗೋಡೆಯ ಮೇಲಿಟ್ಟು ಕೆಮ್ಮುವುದು, ಅಮ್ಮ ಅದನ್ನು ಒರೆಸಿ ಮರುದಿನ ವಾಪಸು ಇಡುವುದು. ಮೊನ್ನೆ ಅದು ಏಳಲೇ ಇಲ್ಲ. ಕಪ್ಪು ತೆರೆಯ ಮೇಲೆ ಒಂದು ಸಾಲು ಬಿಳಿ ಅಕ್ಷರ, ಅಷ್ಟೇ. ದೊಡ್ಡಪ್ಪ ಬಿಸಿಲಿಗಿಟ್ಟರು, ನಿಂಬೆಹಣ್ಣು ನಿವಾಳಿಸಿದರು. ಯಾವುದಕ್ಕೂ ಜಗ್ಗದಿದ್ದಾಗ ಟವಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಶ್ರೀರಂಗಪಟ್ಟಣಕ್ಕೆ, ನನ್ನ ಗಂಡನ ಮನೆಗೆ ಬಂದರು.

"ನಿಮ್ಮಪ್ಪ ಒಳಗಿಂದ ಅಗಣಿ ಹಾಕ್ಕಂಡವ್ನೆ ಕಣವ್ವ."

ನಗಬೇಕೋ ಅಳಬೇಕೋ ತಿಳಿಯದೆ ಅದೇ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯವನು ಬಿಚ್ಚಿ ನೋಡಿ ಹೇಳಿದ: "ಹಾರ್ಡ್ ಡಿಸ್ಕು ಸವೆದೈತೆ ಯಜಮಾನ್ರೆ. ಅದ್ಕೆ ಎರಡ್ನೂ ಹೊರೋಕಾಗಲ್ಲ. ಒಂದು ಅಳಿಸಿದ್ರೆ ಇನ್ನೊಂದು ಎದ್ದೇಳ್ತದೆ. ತೀರ್ಕಂಡವ್ರದ್ದ ತೆಗೆದ್ಬುಡ್ಲಾ?"

"ಲೇ! ಅದು ನನ್ ತಮ್ಮನ ಪಾಲು ಕಣ್ಲಾ! ಮುಟ್ಟೀಯೆ, ಜೋಕೆ!"

"ಮತ್ತಿನ್ನೇನು, ನಿಮ್ದ ಅಳಿಸ್ಲಾ?" ಅವನು ತಮಾಷೆಗೆ ಕೇಳಿದ್ದು.

"ಊಂ. ನಂದೇ ಅಳ್ಸು."

"ನಿಮ್ದು ಏನೂ ಉಳಿಯಲ್ಲ, ಆಮೇಲೆ ನನ್ನ ಬೈಬ್ಯಾಡಿ."

"ಓಗ್ಲಿ ಬುಡು. ನಾನಿನ್ನೂ ಬದುಕಿವ್ನಲ್ಲ."

ಸಂಜೆಯ ಹೊತ್ತಿಗೆ ತೆರೆ ಬೆಳಗಿತು. ಅಲ್ಲಿದ್ದದ್ದು ಅಪ್ಪನ ಹೆಸರೊಂದೇ. "ಒತ್ತು ದೊಡ್ಡಪ್ಪ" ಎಂದೆ. ಅವರು ಕೈ ಚಾಚಿ ಹಿಂದಕ್ಕೆ ಎಳೆದುಕೊಂಡರು. ಕಾಲಿನ ಚಪ್ಪಲಿ ಬಿಟ್ಟರು. ಆಮೇಲೆ ತೆರೆಯ ಹತ್ತಿರ ಬಾಗಿ, ಪಾಲಾದ ಮೇಲೆ ಮೊದಲ ಸಲ ತಮ್ಮನನ್ನು ಮಾತಾಡಿಸಿದರು.

"ಒಳಕ್ ಬರ್ಲೇನ್ಲಾ?"

ಅಪ್ಪ ಹೇಳಬೇಕಾಗಿದ್ದ ಮಾತನ್ನು ನಾನೇ ಹೇಳಿದೆ.

"ಬಾ, ದೊಡ್ಡಪ್ಪ."